ಗಾಳಿಗೆ ತಕ್ಕ ಹಾಯಿ, ಹಾಯಿಗೆ ತಕ್ಕ ಹಲಗೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

'ಗಾಳಿ ಬಂದಾಗ ತೂರಿಕೋ' ಎಂಬುದು ನಮ್ಮ ಹಳೆಯ ಗಾದೆ. ಅವಕಾಶ ಬಂದಾಗ ಬಿಡಬಾರದೆಂಬುದಕ್ಕೆ ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಣದಲ್ಲಿ ನಿಂತು ನಿಜವಾಗಿಯೂ ರಾಶಿ ತೂರಿದ ಒಕ್ಕಲಿಗನಿಗೆ ಗೊತ್ತಿರುವ ಮಾತು ಇನ್ನೊಂದಿದೆ: ಗಾಳಿ ಬಂದರೆ ಸಾಲದು, ಹದವಾಗಿ ಬರಬೇಕು. ಗಾಳಿ ಸಣ್ಣದಾದರೆ ಹೊಟ್ಟು ಕಾಳಿನ ಮೇಲೆಯೇ ಬೀಳುತ್ತದೆ. ಗಾಳಿ ಅತಿಯಾದರೆ ಕಾಳು ಕೂಡ ಹೊಟ್ಟಿನ ಬೆನ್ನು ಹತ್ತಿ ಹೋಗುತ್ತದೆ. ಗಾಳಿಯನ್ನು ಬದಲಿಸುವುದು ಒಕ್ಕಲಿಗನ ಕೈಯಲ್ಲಿಲ್ಲ. ಮೊರವನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕು, ಎಷ್ಟೆಷ್ಟು ಕಾಳನ್ನು ಸುರಿಯಬೇಕು ಎಂಬುದು ಮಾತ್ರ ಅವನ ಕೈಯಲ್ಲಿದೆ. ಗಾಳಿಯೊಡನೆ ಮನುಷ್ಯನು ಮಾಡುವ ಎಲ್ಲ ವ್ಯವಹಾರಗಳ ಗುಟ್ಟೂ ಇಷ್ಟೇ. ಈ ಗುಟ್ಟನ್ನು ನೀರಿನ ಮೇಲಿನ ಒಂದು ಆಟದಲ್ಲಿ ಹೇಗೆ ಕಾಣಬಹುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆ ಆಟಕ್ಕೆ ಇಂಗ್ಲಿಷಿನಲ್ಲಿ ವಿಂಡ್‌ಸರ್ಫಿಂಗ್ ಎನ್ನುತ್ತಾರೆ. ನಾನು ಅದನ್ನು ಇಲ್ಲಿ 'ಹಾಯಿಹಲಗೆ' ಎಂದು ಕರೆಯುತ್ತೇನೆ. ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ಕೆಲವು ಮಿತ್ರರು ಕೇಳಿಯಾರು. ಭೂಗೋಳವು ನನ್ನ ಐಚ್ಛಿಕ ವಿಷಯ. ಗಾಳಿಯು ಅದರ ಒಂದು ಅಧ್ಯಾಯ. ಮೇಲಾಗಿ ನನ್ನ ಸೋದರಮಾವನವರು ಗೋವೆಯ ವಾಸ್ಕೋದಲ್ಲಿ ನೌಕರಿಯಲ್ಲಿರುವುದರಿಂದ ಮೂರು ಬೇಸಗೆಯ ರಜೆಗಳನ್ನು ನಾನು ಸಮುದ್ರದ ದಂಡೆಯಲ್ಲಿ ಕಳೆದಿದ್ದೇನೆ. ಅಲ್ಲಿ ಈ ಆಟವನ್ನು ಕಂಡೆ, ತಕ್ಕಮಟ್ಟಿಗೆ ಕಲಿತೆ.

ಬೆಳಗಾವಿಯವರಿಗೂ ಖಾನಾಪುರದವರಿಗೂ ಸಮುದ್ರವು ದೂರದ ಮಾತೆಂದು ತೋರಬಹುದು. ಆದರೆ ಅಷ್ಟೊಂದು ದೂರವಿಲ್ಲ. ನನ್ನ ಊರು ಖಾನಾಪುರ. ಆ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಪಡುವಣಕ್ಕೆ ಘಟ್ಟ ಇಳಿದು, ಗೋವೆಯಲ್ಲಿ ಮಾಂಡವಿಯೆಂದು ಹೆಸರು ಬದಲಿಸಿಕೊಂಡು, ಪಣಜಿಯ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತಾಳೆ. ನಮ್ಮ ನೀರು ಅಲ್ಲಿಗೆ ಹೋಗುತ್ತದೆ; ಅಲ್ಲಿನ ಗಾಳಿ ನಮ್ಮಲ್ಲಿಗೆ ಬರುತ್ತದೆ. ಆಷಾಢದಲ್ಲಿ ಜಾಂಬೋಟಿಯ ಕಾಡುಗಳನ್ನು ತೂಗಿ, ಬೆಳಗಾವಿಯ ಬೀದಿಗಳಲ್ಲಿ ನಮ್ಮ ಕೊಡೆಗಳನ್ನು ತಿರುವಿಹಾಕುವ ಗಾಳಿಯು ಅರಬ್ಬೀ ಸಮುದ್ರವನ್ನು ದಾಟಿ ಬಂದ ಗಾಳಿಯೇ. ಆದುದರಿಂದ ಅದರ ಬಲಾಬಲವನ್ನು ಅರಿಯುವುದು ನಮಗೂ ಸಲ್ಲುವ ವಿಚಾರ.

ಮೊದಲು ಸಾಧನದ ಪರಿಚಯ. ಕೆಳಗೆ ಒಂದು ತೇಲುಹಲಗೆ. ಅದರ ಮೇಲೆ ಕೂವೆಮರ, ಕೂವೆಮರಕ್ಕೆ ಹಾಯಿ. ಹಾಯಿಯ ಎರಡೂ ಬದಿಗೆ ಬಾಗಿ ಬಂದಿರುವ ಹಿಡಿಕೋಲಿಗೆ ಬೂಮ್ ಎಂದು ಹೆಸರು. ಆಟಗಾರನು ಹಲಗೆಯ ಮೇಲೆ ನಿಂತು ಅದನ್ನು ಹಿಡಿದುಕೊಳ್ಳುತ್ತಾನೆ. ಹಲಗೆಯ ಹಿಂಭಾಗದ ಕೆಳಗೆ ಮೀನಿನ ಈಜುರೆಕ್ಕೆಯಂಥ ಒಂದು ಫಿನ್ ಇರುತ್ತದೆ. ಹಲಗೆ ಪಕ್ಕಕ್ಕೆ ಸರಿಯದಂತೆ ತಡೆಯುವುದು ಅದರ ಕೆಲಸ. ದೋಣಿಗಿರುವ ಚುಕ್ಕಾಣಿ ಇದಕ್ಕಿಲ್ಲ. ದೋಣಿಯ ಕೂವೆಮರ ಗಟ್ಟಿಯಾಗಿ ನಟ್ಟಿರುತ್ತದೆ; ಇದರ ಕೂವೆಮರ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲಿನ ಮೇಲೆ ನಿಂತಿರುತ್ತದೆ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ. ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಕೈಬಿಟ್ಟರೆ ಹಾಯಿಯು ನೀರಿನ ಮೇಲೆ ಬಿದ್ದು ಸುಮ್ಮನಾಗುತ್ತದೆ.

ಈ ಆಟದ ಇತಿಹಾಸ ದೊಡ್ಡದಲ್ಲ. ೧೯೫೮ರಲ್ಲಿ ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಎಂಬ ಹುಡುಗನು ಇಂಥದೊಂದು ಹಲಗೆಯನ್ನು ಮಾಡಿಕೊಂಡಿದ್ದನು. ಅಮೆರಿಕೆಯ ನ್ಯೂಮನ್ ಡಾರ್ಬಿಯು ತನ್ನ ಹಾಯಿಹಲಗೆಯ ವಿವರವನ್ನು ೧೯೬೫ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಎಂಬವರು ೧೯೬೮ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಇದನ್ನು ಜಗತ್ತಿಗೆಲ್ಲ ಹರಡಿದರು. ಅವರ ಮೊದಲಿನ ಹಲಗೆ ಸುಮಾರು ಹನ್ನೆರಡು ಅಡಿ ಉದ್ದ. ಹಾಯಿ ಸುಮಾರು ಐದು ಚದರ ಮೀಟರ್. ಆಗ ಎಲ್ಲರಿಗೂ ಒಂದೇ ಹಲಗೆ, ಒಂದೇ ಹಾಯಿ. ಈಗಲಾದರೋ ಮೂರು ಚದರ ಮೀಟರಿನಿಂದ ಹನ್ನೆರಡರವರೆಗೆ ಹಾಯಿಗಳಿವೆ. ಅರವತ್ತು ಲೀಟರಿನಿಂದ ಇನ್ನೂರು ಲೀಟರಿಗೂ ಮೇಲ್ಪಟ್ಟ ಹಲಗೆಗಳಿವೆ. ಆಯ್ಕೆ ಹೆಚ್ಚಿದಂತೆ ಆರಿಸುವ ಕಷ್ಟವೂ ಹೆಚ್ಚಿದೆ.

ಹಲಗೆಯನ್ನು ಲೀಟರಿನಲ್ಲಿ ಅಳೆಯುವುದೇಕೆ ಎಂಬ ಪ್ರಶ್ನೆ ಸಹಜ. ಶಾಲೆಯಲ್ಲಿ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲ ಓದಿದ್ದೇವೆ. ವಸ್ತುವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದ ಬಲವು ಅದನ್ನು ಮೇಲಕ್ಕೆತ್ತುತ್ತದೆ. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗುತ್ತದೆ. ಅಂದಮೇಲೆ ೧೬೦ ಲೀಟರಿನ ಹಲಗೆ ಪೂರ್ತಿ ಮುಳುಗುವ ಹೊತ್ತಿಗೆ ೧೬೦ ಕಿಲೋ ಭಾರವನ್ನು ಹೊತ್ತಿರುತ್ತದೆ. ಹಲಗೆ, ಕೂವೆಮರ, ಹಾಯಿ ಎಲ್ಲ ಸೇರಿ ಸುಮಾರು ೨೦ ಕಿಲೋ ಎಂದಿಟ್ಟುಕೊಳ್ಳೋಣ. ಆಟಗಾರನ ತೂಕ ೬೦ ಕಿಲೋ ಆದರೆ ಒಟ್ಟು ೮೦. ಉಳಿದ ೮೦ ಲೀಟರ್ ಮಿಗುವಳಿ. ಈ ಮಿಗುವಳಿಯೇ ಕಲಿಯುವವನ ಬಂಡವಾಳ. ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗದಿಂದ ಮೇಲೆತ್ತುವಾಗ ಹಲಗೆ ಕಾಲ ಕೆಳಗೆ ಕುಸಿಯದೆ ನಿಲ್ಲಬೇಕಾದರೆ ಈ ಮಿಗುವಳಿ ಧಾರಾಳವಾಗಿರಬೇಕು. ಹೊಸಬರಿಗೆ ೧೮೦ರಿಂದ ೨೨೦ ಲೀಟರಿನ ಅಗಲವಾದ ಹಲಗೆಯನ್ನು ಕೊಡುವ ವಾಡಿಕೆ ಇದರಿಂದಲೇ ಹುಟ್ಟಿದೆ. ನುರಿತವರು ಚಿಕ್ಕ ಹಲಗೆಯನ್ನು ಬಯಸುತ್ತಾರೆ. ವೇಗ ಬಂದ ಮೇಲೆ ಹಲಗೆ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಈ ಜಾರುಗತಿಯಲ್ಲಿ ಹಲಗೆಯನ್ನು ಎತ್ತಿಹಿಡಿಯುವ ಮುಖ್ಯ ಬಲ ವೇಗದಿಂದಲೇ ಬರುವುದರಿಂದ ಹೆಚ್ಚಿನ ಲೀಟರುಗಳು ಬೇಕಾಗುವುದಿಲ್ಲ.

ಇನ್ನು ಹಾಯಿ. ಇಲ್ಲಿ ಒಂದು ನಿಯಮವನ್ನು ಮನಸ್ಸಿಗೆ ತಂದುಕೊಂಡರೆ ಉಳಿದುದೆಲ್ಲ ಸುಲಭ. ಗಾಳಿಯ ಒತ್ತಡವು ಅದರ ವೇಗದಂತೆ ಹೆಚ್ಚುವುದಿಲ್ಲ, ವೇಗದ ವರ್ಗದಂತೆ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ನಾವಿಕರು ಗಾಳಿಯನ್ನು ನಾಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ ೧.೮೫ ಕಿಲೋಮೀಟರ್. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ಹಾಯಿಯ ಮೇಲೆ ೧೦ ನಾಟ್ ಗಾಳಿಯ ತಳ್ಳು ಸ್ಥೂಲವಾಗಿ ೧.೬ ಕಿಲೋ ಭಾರದಷ್ಟು. ೧೫ ನಾಟಿನಲ್ಲಿ ೩.೬ ಕಿಲೋ, ೨೦ ನಾಟಿನಲ್ಲಿ ೬.೫ ಕಿಲೋ, ೨೫ ನಾಟಿನಲ್ಲಿ ೧೦ ಕಿಲೋ. ಮುಂಜಾನೆ ಕೈಗೆ ಹಗುರವಾಗಿದ್ದ ಹಾಯಿಯೇ ಮಧ್ಯಾಹ್ನ ಕೈ ಕೀಳುವಂತಾಗುವುದು ಈ ವರ್ಗದ ಮಹಿಮೆಯಿಂದ.

ಈ ತಳ್ಳುವಿಕೆಯನ್ನು ಎದುರಿಸುವುದು ತೋಳಿನ ಬಲವೆಂದು ಹೊರಗಿನಿಂದ ನೋಡುವವರು ತಿಳಿಯುತ್ತಾರೆ. ಅದು ನಿಜವಲ್ಲ. ಇದು ತಕ್ಕಡಿಯ ವ್ಯವಹಾರ. ಹಾಯಿಯ ಬಲವು ಹಲಗೆಯಿಂದ ಸುಮಾರು ಒಂದೂವರೆ ಮೀಟರಿಗಿಂತ ತುಸು ಮೇಲೆ ನಾಟಿ ಆಟಗಾರನನ್ನು ಗಾಳಿ ಹೋಗುವ ಕಡೆಗೆ ಬೀಳಿಸಲು ನೋಡುತ್ತದೆ. ಆಟಗಾರನು ಗಾಳಿ ಬರುವ ಕಡೆಗೆ ಹೊರಕ್ಕೆ ವಾಲಿ ತನ್ನ ಮೈಭಾರದಿಂದ ಅದನ್ನು ತೂಗಿಸುತ್ತಾನೆ. ತೋಳುಗಳು ಇಲ್ಲಿ ತಕ್ಕಡಿಯ ಹುರಿಗಳಷ್ಟೇ.

ಇದನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದ ವಿವರಿಸುತ್ತೇನೆ. ಕಳೆದ ಬೇಸಗೆಯಲ್ಲಿ ನಮ್ಮ ವಸತಿಗೃಹದ ಇಬ್ಬರು ಮಿತ್ರರು ನನ್ನೊಡನೆ ಗೋವೆಗೆ ಬಂದಿದ್ದರು. ಒಬ್ಬನು ಬೆಳಗಾವಿಯವನು, ಗರಡಿಯಲ್ಲಿ ಮೈ ಬೆಳೆಸಿದವನು, ತೂಕ ೮೦ ಕಿಲೋ. ಇನ್ನೊಬ್ಬನು ನಂದಗಡದ ಕಡೆಯವನು, ಸಣಕಲ, ತೂಕ ೫೨ ಕಿಲೋ. ಇಬ್ಬರೂ ಒಂದು ವಾರ ಕಲಿತಿದ್ದರು. ಎಂಟನೆಯ ದಿನ ಬಾಡಿಗೆಗೆ ಕೊಡುವ ಒಂದು ಕಡೆ ೧೬೦ ಲೀಟರಿನ ಹಲಗೆಯೂ ೬.೫ ಚದರ ಮೀಟರಿನ ಹಾಯಿಯೂ ಸಿಕ್ಕವು. ಸಣ್ಣ ಹಾಯಿ ಇದೆಯೇ ಎಂದು ಕೇಳಿದರೆ, ಇಲ್ಲವೆಂಬ ಉತ್ತರ ಬಂತು. ಮಧ್ಯಾಹ್ನದ ಸಮುದ್ರಗಾಳಿ ೧೫ ನಾಟಿನಷ್ಟಿತ್ತು. ಮೊದಲು ಹೋದ ಪೈಲ್ವಾನ ಮಿತ್ರನು ನಗುನಗುತ್ತ ಹೋಗಿ ನಗುನಗುತ್ತ ಬಂದನು. ಅನಂತರ ಹೋದ ನಂದಗಡದ ಗೆಳೆಯನು ನಾಲ್ಕು ಸಲ ಹಾಯಿ ಎತ್ತಿದನು. ನಾಲ್ಕು ಸಲವೂ ಅದು ಅವನನ್ನು ತಲೆಯ ಮೇಲಿಂದ ಎಸೆಯಿತು. ಐದನೆಯ ಸಲ ಎತ್ತುವ ಶಕ್ತಿಯೇ ಉಳಿಯಲಿಲ್ಲ. ತೀರದ ಉದ್ದಕ್ಕೂ ತೇಲುತ್ತ ಬಂಡೆಗಳ ಸಮೀಪಕ್ಕೆ ಹೋದವನನ್ನು ಮೀನುಗಾರರ ದೋಣಿಯೊಂದು ಕರೆತಂದಿತು. ಮೈಗೆ ಪೆಟ್ಟಾಗಿರಲಿಲ್ಲ, ಮನಸ್ಸಿಗೆ ಆಗಿತ್ತು. "ಇದು ನನ್ನಂಥವರ ಆಟ ಅಲ್ಲೋ. ಮೈಯಾಗ ಕಸುವು ಬೇಕು," ಎಂದು ಅವನು ಸುಮ್ಮನೆ ಕುಳಿತುಬಿಟ್ಟನು.

ಸಂಜೆ ಮಾವನವರು ಈ ಕಥೆಯನ್ನು ಕೇಳಿ, ಅವನನ್ನು ಹತ್ತಿರ ಕರೆದು, "ತಮ್ಮಾ, ಗರಡಿಯೊಳಗ ಐವತ್ತು ಕಿಲೋದವನ ಜೋಡಿ ಎಂಬತ್ತು ಕಿಲೋದವನ್ನ ಬಿಡ್ತಾರೇನು? ಜೋಡಿ ನೋಡಿ ಬಿಡ್ತಾರ. ನಿನಗ ಜೋಡಿ ತಪ್ಪಿ ಬಿಟ್ಟಾರ, ಅಷ್ಟ," ಎಂದರು. ಬಳಿಕ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. ೧೫ ನಾಟ್ ಗಾಳಿಯಲ್ಲಿ ೬.೫ ಚದರ ಮೀಟರ್ ಹಾಯಿಯ ತಳ್ಳು ಸುಮಾರು ೨೪ ಕಿಲೋ. ಅದು ೧.೬ ಮೀಟರ್ ಎತ್ತರದಲ್ಲಿ ನಾಟಿದರೆ ಬೀಳಿಸುವ ಬಲ ೨೪ನ್ನು ೧.೬ರಿಂದ ಗುಣಿಸಿದಷ್ಟು, ಎಂದರೆ ೩೮. ಹೊಸಬನು ಧೈರ್ಯಮಾಡಿ ತನ್ನ ಮೈಭಾರವನ್ನು ಅರ್ಧ ಮೀಟರ್ ಹೊರಕ್ಕೆ ವಾಲಿಸಬಲ್ಲನೆಂದುಕೊಂಡರೆ, ೮೦ ಕಿಲೋದವನಿಗೆ ೪೦ ಬರುತ್ತದೆ. ತಕ್ಕಡಿ ಅವನ ಕಡೆಗೆ. ೫೨ ಕಿಲೋದವನಿಗೆ ೨೬ ಮಾತ್ರ; ತಕ್ಕಡಿ ಗಾಳಿಯ ಕಡೆಗೆ. ಅದೇ ಗಾಳಿಯಲ್ಲಿ ಅವನಿಗೆ ೪.೫ ಚದರ ಮೀಟರಿನ ಹಾಯಿ ಕೊಟ್ಟಿದ್ದರೆ ತಳ್ಳು ೧೬ ಕಿಲೋಗೆ ಇಳಿಯುತ್ತಿತ್ತು. ಸಣ್ಣ ಹಾಯಿಯ ಬಲ ನಾಟುವ ಜಾಗವೂ ಕೆಳಗಿರುವುದರಿಂದ ಒಂದೂವರೆ ಮೀಟರಿನಂತೆ ಹಿಡಿದರೆ ೨೪ ಅಥವಾ ೨೫. ಅವನ ೨೬ ಅದಕ್ಕೆ ಸಾಕಾಗುತ್ತಿತ್ತು. ಹಲಗೆ ಇಬ್ಬರನ್ನೂ ಹೊತ್ತಿತು. ಹಾಯಿ ಒಬ್ಬನನ್ನು ಮಾತ್ರ ಒಪ್ಪಿತು. ಕೊರತೆ ಇದ್ದುದು ಗೆಳೆಯನ ಕಸುವಿನಲ್ಲಿ ಅಲ್ಲ, ಹಾಯಿಯ ಆಯ್ಕೆಯಲ್ಲಿ.

ನುರಿತ ಆಟಗಾರರು ಇಷ್ಟೆಲ್ಲ ಗುಣಾಕಾರ ಮಾಡುತ್ತ ಕೂಡುವುದಿಲ್ಲ. ಅವರಲ್ಲಿ ಬಳಕೆಯಲ್ಲಿರುವ ಒಂದು ಸುಲಭಸೂತ್ರವಿದೆ. ಮೈತೂಕದ ಕಿಲೋಗಳನ್ನು ೧.೪ರಿಂದ ಗುಣಿಸಿ, ಗಾಳಿಯ ನಾಟುಗಳಿಂದ ಭಾಗಿಸಿದರೆ ಬರುವುದೇ ಹಾಯಿಯ ಚದರ ಮೀಟರ್. ೬೦ ಕಿಲೋ ತೂಕದವನಿಗೆ ೧೫ ನಾಟಿನಲ್ಲಿ ೫.೬, ೨೦ ನಾಟಿನಲ್ಲಿ ೪.೨, ೨೫ ನಾಟಿನಲ್ಲಿ ೩.೪ ಚದರ ಮೀಟರ್. ೮೦ ಕಿಲೋದವನಿಗೆ ಅನುಕ್ರಮವಾಗಿ ೭.೫, ೫.೬, ೪.೫. ಗಮನಿಸಿ: ೬೦ ಕಿಲೋದವನು ೧೫ ನಾಟಿನಲ್ಲಿ ಬಳಸುವ ೫.೬ರ ಹಾಯಿಯನ್ನೇ ೮೦ ಕಿಲೋದವನು ೨೦ ನಾಟಿನಲ್ಲಿ ಬಳಸುತ್ತಾನೆ. ಆದುದರಿಂದ 'ನಿನ್ನ ಹಾಯಿ ಎಷ್ಟರದು?' ಎಂದು ಇನ್ನೊಬ್ಬನನ್ನು ಕೇಳಿ ಅದನ್ನೇ ಕಟ್ಟಿಕೊಳ್ಳುವುದು, ಮತ್ತೊಬ್ಬರ ಕನ್ನಡಕ ಹಾಕಿಕೊಂಡು ಓದಿದಂತೆ.

ಈ ಸೂತ್ರಕ್ಕೆ ಮೇರೆಗಳಿವೆ. ಇದು ಜಾರುಗತಿಯನ್ನು ಬಲ್ಲವನಿಗೆ, ಹನ್ನೆರಡು ನಾಟಿಗೆ ಮೇಲ್ಪಟ್ಟ ಗಾಳಿಗೆ ಹೇಳಿದ್ದು. ಎಂಟು ನಾಟಿನ ಮಂದ ಗಾಳಿಗೆ ಇದನ್ನೇ ಹಚ್ಚಿದರೆ ೫೨ ಕಿಲೋದ ಹುಡುಗನಿಗೆ ಒಂಬತ್ತು ಚದರ ಮೀಟರಿನ ಹಾಯಿ ಬರುತ್ತದೆ; ಅದನ್ನು ನೀರಿನಿಂದ ಎತ್ತುವುದೇ ಅವನಿಂದಾಗದು. ಕಲಿಯುವವನು ಆರರಿಂದ ಹತ್ತು ನಾಟಿನ ಗಾಳಿಯನ್ನೇ ಆರಿಸಿಕೊಂಡು, ಮೈತೂಕಕ್ಕೆ ತಕ್ಕಂತೆ ೩.೫ರಿಂದ ೫.೫ರವರೆಗಿನ ಹಾಯಿಯನ್ನು ಹಿಡಿಯಬೇಕು. ಗಾಳಿ ಅದಕ್ಕೂ ಮೇಲೆ ಹೋದರೆ ಸೂತ್ರದಿಂದ ಬಂದುದಕ್ಕಿಂತ ಒಂದು ಅಳತೆ ಸಣ್ಣದೇ ಅವನಿಗೆ ಲೇಸು. ಬಲವು ವೇಗದ ವರ್ಗದಂತೆ ಏರುವಾಗ ಸೂತ್ರದಲ್ಲಿ ಹಾಯಿ ವೇಗಕ್ಕೆ ಸರಿಯಾಗಿ ಮಾತ್ರ ಇಳಿಯುವುದೇಕೆ ಎಂದು ಜಾಣರು ಕೇಳಬಹುದು. ನುರಿತವನು ಜೋರುಗಾಳಿಯಲ್ಲಿ ಸೊಂಟಕ್ಕೆ ಕಟ್ಟಿದ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸಿ, ಇಡೀ ಮೈಯನ್ನು ಹೊರಕ್ಕೆ ಚಾಚಿ, ಹೆಚ್ಚಿನ ಬಲವನ್ನು ತೂಗಿಸಬಲ್ಲನು. ಆ ವಿದ್ಯೆ ಇಲ್ಲದವನಿಗೆ ಆ ರಿಯಾಯಿತಿಯೂ ಇಲ್ಲ.

ಗಾಳಿಗೂ ಮೈಗೂ ತಕ್ಕ ಹಾಯಿ ಸಿಕ್ಕಿತೆನ್ನೋಣ. ಆ ಹಾಯಿಗೆ ತಕ್ಕ ಹಲಗೆ ಯಾವುದು? ದೊಡ್ಡ ರೆಂಟೆಗೆ ಎಳೆಗರುಗಳನ್ನು ಹೂಡುವುದಿಲ್ಲ. ಬಲಿತ ಎತ್ತುಗಳಿಗೆ ಆಟದ ಬಂಡಿಯನ್ನು ಕಟ್ಟುವುದಿಲ್ಲ. ಜಾರುಗತಿಯವರಿಗೆ ಸಾಮಾನ್ಯವಾಗಿ ೧೦೦ ಲೀಟರಿನ ಹಲಗೆಗೆ ೪.೫ರಿಂದ ೬.೫ರವರೆಗೆ, ೧೨೦ ಲೀಟರಿನದಕ್ಕೆ ೫.೫ರಿಂದ ೭.೫ರವರೆಗೆ, ೧೫೦ ಲೀಟರಿನದಕ್ಕೆ ೬.೫ರಿಂದ ೯ರವರೆಗೆ ಹಾಯಿಗಳು ಒಗ್ಗುತ್ತವೆ. ಒಂದು ಹಲಗೆಗೆ ಸುಮಾರು ಮೂರು ಹಾಯಿಗಳೆಂಬುದು ಸ್ಥೂಲವಾದ ಮಾತು.

ಈ ಮೇರೆ ಮೀರಿದರೆ ಆಗುವುದೇನು? ಸಣ್ಣ ಹಲಗೆಗೆ ದೊಡ್ಡ ಹಾಯಿ ಕಟ್ಟಿದರೆ, ಉದ್ದ ಕೂವೆಮರದ ಭಾರಕ್ಕೂ ಹಾಯಿಯ ಒತ್ತಿಗೂ ಹಲಗೆ ನೀರಿಗೆ ಅದುಮಿಕೊಂಡು ಜಾರುಗತಿಗೇ ಏರುವುದಿಲ್ಲ. ಕೆಳಗಿನ ಫಿನ್ ಆ ಪಕ್ಕದ ಬಲವನ್ನು ತಡೆಯಲಾರದೆ ನೀರಿನ ಹಿಡಿತ ಬಿಡುತ್ತದೆ. ಹಲಗೆಯ ಬಾಲ ಒಮ್ಮೆಲೆ ಪಕ್ಕಕ್ಕೆ ಜಾರುತ್ತದೆ. ದೊಡ್ಡ ಹಾಯಿಗೆ ದೊಡ್ಡ ಫಿನ್ ಬೇಕು. ದೊಡ್ಡ ಫಿನ್ ಹಲಗೆಯನ್ನು ಒಂದು ಬದಿಗೆ ಮಗುಚಲು ನೋಡುವುದರಿಂದ ಅದನ್ನು ಕಾಲಿನಿಂದ ಒತ್ತಿಹಿಡಿಯಲು ಅಗಲವಾದ ಹಲಗೆ ಬೇಕು. ಹೀಗೆ ಹಾಯಿ, ಫಿನ್, ಅಗಲ ಮೂರೂ ಒಂದೇ ಸರಪಳಿಯ ಕೊಂಡಿಗಳು. ಇನ್ನು ಜೋರುಗಾಳಿಯಲ್ಲಿ ದೊಡ್ಡ ಹಲಗೆಗೆ ಸಣ್ಣ ಹಾಯಿ ಕಟ್ಟಿದರೆ ಅದಕ್ಕೆ ಬೇರೆ ಕೇಡು. ಅಗಲವಾದ ಹಲಗೆ ಅಲೆಯಿಂದ ಅಲೆಗೆ ಕುಪ್ಪಳಿಸುತ್ತದೆ, ಮೂತಿಯ ಕೆಳಗೆ ಗಾಳಿ ನುಗ್ಗಿ ಅದನ್ನು ಎತ್ತಿ ಒಗೆಯುತ್ತದೆ. ಆದರೂ ಈ ಎರಡು ಕೇಡುಗಳಲ್ಲಿ ಕಲಿಯುವವನಿಗೆ ಎರಡನೆಯದು ಕಡಮೆಯದು. ಮಂದ ಗಾಳಿಯಲ್ಲಿ ಅದು ಕೇಡೇ ಅಲ್ಲ.

ಹಾಗಾದರೆ ಗಾಳಿ ಎಷ್ಟು ನಾಟ್ ಇದೆಯೆಂದು ತಿಳಿಯುವುದು ಹೇಗೆ? ಈಗ ಎಲ್ಲರ ಕೈಯಲ್ಲಿರುವ ದೂರವಾಣಿಯಲ್ಲಿಯೇ ಗಾಳಿಯ ಮುನ್ಸೂಚನೆ ಸಿಗುತ್ತದೆ. ಆದರೆ ಕಣ್ಣಿಗೂ ಒಂದು ಅಳತೆಗೋಲು ಇರಬೇಕು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ ೧೮೦೫ರಲ್ಲಿ ಆರಂಭಿಸಿದ ಮಾನವನ್ನು ಮುಂದೆ ನೆಲದ ಮೇಲಿನ ಗುರುತುಗಳಿಗೂ ಹೊಂದಿಸಿದ್ದಾರೆ. ಅದನ್ನು ಕಲಿಯಲು ಸಮುದ್ರ ಬೇಕಿಲ್ಲ, ಬೆಳಗಾವಿ ಸಾಕು. ಮುಖಕ್ಕೆ ಗಾಳಿ ತಾಗಿ ಎಲೆಗಳು ಸರಸರ ಎಂದರೆ ನಾಲ್ಕರಿಂದ ಆರು ನಾಟ್. ಎಲೆಗಳೂ ಸಣ್ಣ ಕಡ್ಡಿಗಳೂ ಎಡೆಬಿಡದೆ ಅಲುಗಿ, ಚಿಕ್ಕ ಬಾವುಟ ಬಿಚ್ಚಿ ನಿಂತರೆ ಏಳರಿಂದ ಹತ್ತು. ಇದೇ ಕಲಿಯುವವನ ಗಾಳಿ. ಧೂಳೂ ಕಾಗದದ ಚೂರೂ ಮೇಲೆದ್ದು ಸಣ್ಣ ಕೊಂಬೆಗಳು ಆಡಿದರೆ ಹನ್ನೊಂದರಿಂದ ಹದಿನಾರು. ಎಲೆತುಂಬಿದ ಗಿಡಗಳು ತೂಗಾಡಿದರೆ ಹದಿನೇಳರಿಂದ ಇಪ್ಪತ್ತೊಂದು. ಕೊಡೆ ಹಿಡಿಯುವುದು ಕಷ್ಟವಾಗಿ ದೊಡ್ಡ ಕೊಂಬೆಗಳು ಅಲ್ಲಾಡಿದರೆ ಇಪ್ಪತ್ತೆರಡಕ್ಕೆ ಮೇಲೆ. ಜುಲೈ ತಿಂಗಳಲ್ಲಿ ಕ್ಯಾಂಪಿನ ರಸ್ತೆಯಲ್ಲಿ ಕೊಡೆ ತಿರುವಿಕೊಂಡವರೆಲ್ಲ ಈ ಕೊನೆಯ ಗಾಳಿಯನ್ನು ಬಲ್ಲರು. ಕೋಟೆಕೆರೆಯ ಬಳಿ ೨೦೧೮ರಲ್ಲಿ ನಿಲ್ಲಿಸಿದ ೧೧೦ ಮೀಟರ್ ಎತ್ತರದ ಸ್ತಂಭದಲ್ಲಿ ಧ್ವಜವೇರಿದ ದಿನಗಳಲ್ಲಿ ಅದನ್ನು ನೋಡುವುದೂ ಒಂದು ಪಾಠವೇ. ಕೆಳಗೆ ಎಲೆ ಅಲುಗದಿರುವಾಗ ಮೇಲೆ ಧ್ವಜ ಹಾರುತ್ತಿರಬಹುದು. ನೆಲದಿಂದ ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ನಾಡಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆಂಬುದು ಅನೇಕರಿಗೆ ಹೊಸ ವಿಷಯವಾದೀತು. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಏಳರಷ್ಟು ತೆಳು. ವೇಗ ಒಂದೇ ಆದರೂ ತಳ್ಳು ಅಷ್ಟರಮಟ್ಟಿಗೆ ಕಡಮೆ. ಹಾಗೆಯೇ ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಕಾರವಾರದ ಕಡಲಿನಲ್ಲಿ ತೇಲಿದ ಹಲಗೆ ಘಟಪ್ರಭೆಯ ಹಿಡಕಲ್ ಜಲಾಶಯದಂಥ ಸಿಹಿನೀರಿನಲ್ಲಿ ತುಸು ಹೆಚ್ಚು ಮುಳುಗುತ್ತದೆ. ಇವು ಸಣ್ಣ ವ್ಯತ್ಯಾಸಗಳು. ಗುಡ್ಡಗಳ ನಡುವಿನ ನೀರಿನಲ್ಲಿ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಕಡಲಿನ ಗಾಳಿ ಒಂದೇ ಸಮನೆ ಬೀಸುತ್ತದೆ. ಗುಡ್ಡ ಹಾಯ್ದು ಬಂದ ಗಾಳಿ ನಿಂತು ನಿಂತು ರಭಸದಿಂದ ಬೀಸುತ್ತದೆ. ಅಲ್ಲಿ ಹಾಯಿಯನ್ನು ಸರಾಸರಿ ಗಾಳಿಗೆ ಆರಿಸಬಾರದು, ರಭಸಕ್ಕೆ ಆರಿಸಬೇಕು. ಇಷ್ಟು ಹೇಳಿದ್ದರಿಂದ ಯಾರೂ ಜಲಾಶಯಗಳಿಗೆ ಹಲಗೆ ಹೊತ್ತುಕೊಂಡು ಹೊರಡಬಾರದು. ರಾಕಸಕೊಪ್ಪದ ನೀರು ಬೆಳಗಾವಿಯ ಜನ ಕುಡಿಯುವ ನೀರು. ಅಪ್ಪಣೆಯೂ ರಕ್ಷಣೆಯ ದೋಣಿಯೂ ಇಲ್ಲದ ಕಡೆ ಇಳಿಯುವುದು ಸಾಹಸವಲ್ಲ.

ಹಾಯಿಯನ್ನು ಗಾಳಿಗೆ ತಕ್ಕಂತೆ ಬದಲಿಸುವುದು ಇಂದಿನ ಹೊಸ ಬುದ್ಧಿಯೂ ಅಲ್ಲ. ಅರಬ್ಬೀ ಸಮುದ್ರದ ಮುಕ್ಕೋಣ ಹಾಯಿಯ ಹಡಗುಗಳಲ್ಲಿ ಮಂದ ಗಾಳಿಗೆ ದೊಡ್ಡ ಹಾಯಿಯನ್ನೂ ಬಿರುಗಾಳಿಗೆ ಚಿಕ್ಕ ಹಾಯಿಯನ್ನೂ ಬೇರೆ ಬೇರೆ ಇಟ್ಟುಕೊಂಡು, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುತ್ತಿದ್ದರು. ಹಾಯಿಹಲಗೆಯವನ ಮೂರು ಹಾಯಿಗಳ ಕಟ್ಟು ಆ ನಾವಿಕರ ಪದ್ಧತಿಯೇ. ಇದಕ್ಕೆ ಒಂದು ದೊಡ್ಡ ಅಪವಾದವೆಂದರೆ ಒಲಿಂಪಿಕ್ ಪಂದ್ಯ. ೧೯೮೪ರಲ್ಲಿ ಪುರುಷರಿಗೂ ೧೯೯೨ರಲ್ಲಿ ಸ್ತ್ರೀಯರಿಗೂ ಈ ಆಟ ಒಲಿಂಪಿಕ್ಸ್‌ನಲ್ಲಿ ಸೇರಿತು. ಅಲ್ಲಿ ಸ್ಪರ್ಧಿಗಳೆಲ್ಲರಿಗೂ ಒಂದೇ ಬಗೆಯ ಹಲಗೆ, ಒಂದೇ ಅಳತೆಯ ಹಾಯಿ. ೨೦೦೮ರಿಂದ ಟೋಕಿಯೊ ಒಲಿಂಪಿಕ್ಸ್‌ವರೆಗೆ ಬಳಕೆಯಲ್ಲಿದ್ದ ಆರ್‌ಎಸ್:ಎಕ್ಸ್ ವರ್ಗದಲ್ಲಿ ಪುರುಷರ ಹಾಯಿ ೯.೫, ಸ್ತ್ರೀಯರದು ೮.೫ ಚದರ ಮೀಟರ್. ಹಾಯಿ ಬದಲಾಗದ ಕಾರಣ ಆಟಗಾರನೇ ತನ್ನ ಮೈಯನ್ನು ಹಾಯಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ೨೦೨೩ರಲ್ಲಿ ಚೀನದ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಇಬಾದ್ ಅಲಿಯವರು ಇದೇ ವರ್ಗದಲ್ಲಿ ಕಂಚಿನ ಪದಕ ಗೆದ್ದರು. ೨೦೨೪ರ ಒಲಿಂಪಿಕ್ಸ್‌ನಲ್ಲಿ ಬಂದ ಹೊಸ ವರ್ಗದ ಹಲಗೆಯ ಕೆಳಗೆ ವಿಮಾನದ ರೆಕ್ಕೆಯಂಥ ಸಾಧನವಿದೆ. ವೇಗ ಬಂದೊಡನೆ ಅದು ಹಲಗೆಯನ್ನೇ ನೀರಿನಿಂದ ಮೇಲೆತ್ತುತ್ತದೆ. ಅಲ್ಲಿ ಹಾಯಿ-ಹಲಗೆಗಳ ಲೆಕ್ಕವೂ ಸ್ವಲ್ಪ ಬೇರೆ.

ಕೊನೆಯದಾಗಿ, ಕಲಿಯಬಯಸುವ ಮಿತ್ರರಿಗೆ ನಾಲ್ಕು ಮಾತು. ಈಜು ಬಾರದವರು ಮೊದಲು ಈಜು ಕಲಿಯಲಿ. ಬಂದವರೂ ತೇಲುಅಂಗಿ ಇಲ್ಲದೆ ಇಳಿಯದಿರಲಿ. ಮುಂಜಾನೆಯ ನೆಲಗಾಳ ದಂಡೆಯಿಂದ ಕಡಲಿನ ಕಡೆಗೆ ಬೀಸುತ್ತದೆ; ಅದು ಎಷ್ಟು ಮೃದುವಾಗಿದ್ದರೂ ಹೊಸಬನನ್ನು ಒಳಕ್ಕೆ ಒಯ್ಯುತ್ತದೆ. ಮಳೆಗಾಲದಲ್ಲಿ ಕಡಲಿನ ಆಟಗಳು ನಿಂತಿರುತ್ತವೆ. ಆ ನಿಷೇಧವನ್ನು ಮೀರಬಾರದು. ಹಾಯಿ ಬಾಡಿಗೆಗೆ ಪಡೆಯುವಾಗ ತನ್ನ ತೂಕವನ್ನು ಹೇಳಿ, ಹಾಯಿಯ ಅಳತೆಯನ್ನು ಕೇಳಬೇಕು. ಅದು ಹಾಯಿಯ ಮೇಲೆಯೇ ಅಚ್ಚಾಗಿರುತ್ತದೆ. ತನಗೆ ತಕ್ಕುದು ಇಲ್ಲವೆಂದಾದರೆ ಆ ದಿನ ದಂಡೆಯ ಮೇಲೆ ಕುಳಿತು ನೋಡುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಕಾಲೇಜಿನಲ್ಲಿ ಮೈ ಸಣ್ಣದೆಂಬ ಕಾರಣಕ್ಕೆ ಆಟದ ಬಯಲಿನಿಂದ ದೂರ ಉಳಿದವರು ಬಹಳ ಜನರಿದ್ದಾರೆ. ಸೋದರಿಯರಂತೂ ಇನ್ನೂ ಹೆಚ್ಚು. ಎಷ್ಟೋ ಸಲ ಅವರ ಕೈಗೆ ಬೇರೆಯವರ ಅಳತೆಯ ಸಾಧನವನ್ನು ಕೊಟ್ಟು, ಅವರು ಸೋತಾಗ 'ನಿಮ್ಮಿಂದಾಗದು' ಎಂದುಬಿಡುತ್ತೇವೆ. ಗಾಳಿಗೆ ಈ ಪಕ್ಷಪಾತವಿಲ್ಲ. ಐವತ್ತು ಕಿಲೋದವರಿಗೂ ತೊಂಬತ್ತು ಕಿಲೋದವರಿಗೂ ಅದು ಒಂದೇ ಸಮನಾಗಿ ಬೀಸುತ್ತದೆ. ಯಾರ ಕೈಗೆ ಯಾವ ಹಾಯಿ ಎಂಬುದನ್ನು ಮಾತ್ರ ಅದು ನಮ್ಮ ವಿವೇಕಕ್ಕೆ ಬಿಟ್ಟಿದೆ. ಆ ವಿವೇಕವನ್ನು ತೋರಿದರೆ ಸಣ್ಣ ಹಾಯಿ ಹಿಡಿದವನೂ ದೊಡ್ಡ ಹಾಯಿ ಹಿಡಿದವನೂ ಒಂದೇ ನೀರಿನ ಮೇಲೆ ಜೊತೆಜೊತೆಯಾಗಿ ಸಾಗಬಲ್ಲರು.